ವೇಗ ಹೇಳುವಾಗ ಯಾರ ಲೆಕ್ಕ ಎಂಬುದನ್ನೂ ಹೇಳಬೇಕು

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ವಿಜ್ಞಾನ ಪುಟದಲ್ಲಿ ಕಳೆದ ವಾರ ಪ್ರಕಟವಾದ ಸಾಪೇಕ್ಷತಾ ಸಿದ್ಧಾಂತದ ಲೇಖನ ತಿಳಿಯಾಗಿದೆ. ಆದರೆ ಅದರ ಒಂದು ವಾಕ್ಯ ಓದುಗರ ದಾರಿ ತಪ್ಪಿಸುವಂತಿದೆ. ತಲಾ ಬೆಳಕಿನ ವೇಗದ ಶೇ 75ರಷ್ಟು ವೇಗದಲ್ಲಿ ಎದುರುಬದುರಾಗಿ ಬರುವ ಎರಡು ರಾಕೆಟ್‌ಗಳ ನಡುವಿನ ಅಂತರ ಬೆಳಕಿನ ಒಂದೂವರೆ ಪಟ್ಟು ವೇಗದಲ್ಲಿ ಕುಗ್ಗುವುದು ಅಸಾಧ್ಯ, ಐನ್‌ಸ್ಟೈನ್ ಸಿದ್ಧಾಂತ ಅದಕ್ಕೆ ಅವಕಾಶ ಕೊಡುವುದಿಲ್ಲ ಎಂದು ಅಲ್ಲಿ ಬರೆಯಲಾಗಿದೆ. ಸಿದ್ಧಾಂತದಲ್ಲಿ ಅಂಥ ನಿರ್ಬಂಧವೇ ಇಲ್ಲ.

ಎರಡು ರಾಕೆಟ್‌ಗಳ ನಡುವೆ ನಿಂತ ವೀಕ್ಷಕನನ್ನು ಊಹಿಸಿಕೊಳ್ಳೋಣ. ಅವನ ಅಳತೆಯಲ್ಲಿ ಅವುಗಳ ಅಂತರ ಸುಮಾರು 4.5 ಲಕ್ಷ ಕಿ.ಮೀ. ಇದ್ದರೆ, ಅವನ ಗಡಿಯಾರದ ಪ್ರಕಾರ ಅವು ಒಂದೇ ಸೆಕೆಂಡಿನಲ್ಲಿ ಸಂಧಿಸುತ್ತವೆ. ಅಂತರ ಬೆಳಕಿನ ಒಂದೂವರೆ ಪಟ್ಟು ವೇಗದಲ್ಲೇ ಕುಗ್ಗಿತು, ನಿಜ; ಆದರೆ ಆ ವೇಗದಲ್ಲಿ ಚಲಿಸಿದ ವಸ್ತು ಯಾವುದೂ ಇಲ್ಲ. ಪ್ರಶ್ನೆ ಬದಲಾಗುವುದು ಒಂದು ರಾಕೆಟ್‌ನೊಳಗೆ ಕುಳಿತು ಇನ್ನೊಂದರ ವೇಗವನ್ನು ಅಳೆದಾಗ. ಆಗ ಎರಡು ವೇಗಗಳನ್ನು ನೇರವಾಗಿ ಕೂಡಿಸುವಂತಿಲ್ಲ, ಮೊತ್ತವಾದ 1.5ನ್ನು, ಒಂದಕ್ಕೆ ಅವುಗಳ ಗುಣಲಬ್ಧವನ್ನು ಸೇರಿಸಿದಾಗ ಬರುವ 1.5625ರಿಂದ ಭಾಗಿಸಬೇಕು. ಸಿಗುವುದು 0.96, ಅಂದರೆ ಬೆಳಕಿನ ವೇಗದ ಶೇ 96. ಎರಡು ಉತ್ತರಗಳೂ ಸರಿ, ಏಕೆಂದರೆ ಅವು ಎರಡು ಬೇರೆ ಚೌಕಟ್ಟುಗಳಲ್ಲಿ, ಅಂದರೆ ಅಳೆಯುವವನ ಎರಡು ಬೇರೆ ನೆಲೆಗಳಲ್ಲಿ, ಕೇಳಿದ ಎರಡು ಬೇರೆ ಪ್ರಶ್ನೆಗಳಿಗೆ ಬಂದ ಉತ್ತರಗಳು. ಚೌಕಟ್ಟನ್ನು ಹೇಳದೆ ಬಿಟ್ಟಿದ್ದರಿಂದಲೇ ಲೇಖನದಲ್ಲಿ ಅವು ಒಂದಕ್ಕೊಂದು ವಿರುದ್ಧವಾಗಿ ಕಂಡಿವೆ.

ಚಲನೆ ಸಾಪೇಕ್ಷ ಎಂಬುದು ಐನ್‌ಸ್ಟೈನ್ ಕಂಡುಹಿಡಿದ ಸಂಗತಿ ಎಂಬ ಭಾವನೆಯನ್ನೂ ಲೇಖನ ಮೂಡಿಸುತ್ತದೆ. ಅಲುಗದೆ ಸಾಗುವ ಹಡಗಿನ ಒಳಕೋಣೆಯಲ್ಲಿ ಮಾಡುವ ಯಾವ ಪ್ರಯೋಗದಿಂದಲೂ ಹಡಗು ನಿಂತಿದೆಯೋ ಚಲಿಸುತ್ತಿದೆಯೋ ಎಂದು ತಿಳಿಯದು ಎಂಬುದನ್ನು ಗೆಲಿಲಿಯೋ 1632ರಲ್ಲೇ ವಿವರಿಸಿದ್ದರು. 1905ರಲ್ಲಿ ಐನ್‌ಸ್ಟೈನ್ ಅದಕ್ಕೆ ಸೇರಿಸಿದ್ದು ನಿರ್ವಾತದಲ್ಲಿ ಬೆಳಕಿನ ವೇಗ ಎಲ್ಲ ಜಡತ್ವ ಚೌಕಟ್ಟುಗಳಲ್ಲೂ (ವೇಗ, ದಿಕ್ಕು ಬದಲಿಸದೆ ಸಾಗುವ ನೆಲೆಗಳಲ್ಲೂ) ಒಂದೇ ಎಂಬ, ನೋಡಲು ಸಣ್ಣದೆನಿಸುವ ಮಾತನ್ನು. ‘ಎಲ್ಲವೂ ಸಾಪೇಕ್ಷ’ ಎಂದು ಹರಟೆಯಲ್ಲಿ ಹೇಳುವವರು ಮರೆಯುವುದು ಇದನ್ನೇ: ಈ ಸಿದ್ಧಾಂತ ನಿಂತಿರುವುದು ಯಾರು ಅಳೆದರೂ ಬದಲಾಗದ ಒಂದು ಸಂಖ್ಯೆಯ ಮೇಲೆ.

‘ಚಲಿಸುವ ಗಡಿಯಾರ ನಿಧಾನವಾಗುತ್ತದೆ’ ಎಂಬ ವಾಕ್ಯಕ್ಕೂ ಇದೇ ತಕರಾರು. ಮೇಲಿನ ರಾಕೆಟ್‌ಗಳಲ್ಲಿ ಒಂದರ ಪ್ರಯಾಣಿಕ ತನ್ನ 100 ಸೆಕೆಂಡುಗಳಲ್ಲಿ ಇನ್ನೊಂದರ ಗಡಿಯಾರ 28 ಸೆಕೆಂಡು ಮಾತ್ರ ನಡೆಯಿತೆಂದು ಲೆಕ್ಕ ಹಾಕುತ್ತಾನೆ. ಎದುರಿನವನ ಲೆಕ್ಕವೂ ಇವನ ಗಡಿಯಾರದ ಬಗ್ಗೆ ಅದೇ. ಹಾಗಾದರೆ ನಿಜಕ್ಕೂ ನಿಧಾನವಾದದ್ದು ಯಾರದು? ಬಹುತೇಕ ಜನಪ್ರಿಯ ಬರಹಗಳು ಇಲ್ಲಿಗೆ ಬಂದು ‘ವಿಚಿತ್ರ’ ಎಂದು ಕೈಚೆಲ್ಲುತ್ತವೆ, ವಿಷಯದ ತಿರುಳು ಇರುವುದೇ ಇಲ್ಲಿ. ದೂರದ ಗಡಿಯಾರವನ್ನು ನಮ್ಮದರೊಂದಿಗೆ ಹೋಲಿಸಬೇಕಾದರೆ ‘ಇದೇ ಕ್ಷಣದಲ್ಲಿ ಅಲ್ಲಿ ಎಷ್ಟು ಗಂಟೆ’ ಎಂದು ಕೇಳಬೇಕು. ಆ ‘ಇದೇ ಕ್ಷಣ’ ಯಾವುದು ಎಂಬುದರಲ್ಲೇ ಇಬ್ಬರಿಗೂ ಒಮ್ಮತವಿಲ್ಲ. ಏಕಕಾಲಿಕತೆ, ಅಂದರೆ ಎರಡು ಘಟನೆಗಳು ಒಂದೇ ಕ್ಷಣದಲ್ಲಿ ನಡೆದವು ಎಂಬುದು, ಚೌಕಟ್ಟಿಗೆ ತಕ್ಕಂತೆ ಬದಲಾಗುವುದರಿಂದ ಇಬ್ಬರ ಲೆಕ್ಕವೂ ತಪ್ಪಲ್ಲ.

ಇದು ಬರೀ ಕಾಗದದ ಮೇಲಿನ ಲೆಕ್ಕವೂ ಅಲ್ಲ. ಸುಮಾರು 15 ಕಿ.ಮೀ. ಎತ್ತರದ ವಾತಾವರಣದಲ್ಲಿ ವಿಶ್ವಕಿರಣಗಳಿಂದ (ಬಾಹ್ಯಾಕಾಶದಿಂದ ಬರುವ ವೇಗದ ಕಣಗಳಿಂದ) ಹುಟ್ಟುವ ಮ್ಯೂಯಾನ್ ಎಂಬ ಸೂಕ್ಷ್ಮ ಕಣಗಳ ಸರಾಸರಿ ಆಯುಸ್ಸು ಕೇವಲ 2.2 ಮೈಕ್ರೋಸೆಕೆಂಡ್. ಅಷ್ಟರಲ್ಲಿ ಬೆಳಕೇ ಸುಮಾರು 660 ಮೀಟರ್ ಸಾಗೀತು. ಆದರೂ ಈ ಕಣಗಳು ನೆಲ ಮುಟ್ಟುತ್ತಲೇ ಇವೆ. ನಮ್ಮ ಚೌಕಟ್ಟಿನಲ್ಲಿ ಅವುಗಳ ಆಯುಸ್ಸು ಹಿಗ್ಗಿದೆ. ಮ್ಯೂಯಾನಿನ ಚೌಕಟ್ಟಿನಲ್ಲಿ ಆಯುಸ್ಸು ಅಷ್ಟೇ ಇದ್ದು, ಅದರತ್ತ ಧಾವಿಸುವ ವಾತಾವರಣದ ದಪ್ಪ ಕುಗ್ಗಿದೆ. ವಿವರಣೆ ಎರಡಾದರೂ ಕಣ ನೆಲಕ್ಕೆ ತಲುಪಿತೆಂಬ ಘಟನೆ ಒಂದೇ.

ಆದ್ದರಿಂದ ಲೇಖನದ ಆ ವಾಕ್ಯವನ್ನು ‘ನಡುವಿನ ವೀಕ್ಷಕನ ಚೌಕಟ್ಟಿನಲ್ಲಿ ಅಂತರ ಬೆಳಕಿನ ಒಂದೂವರೆ ಪಟ್ಟು ವೇಗದಲ್ಲಿ ಕುಗ್ಗುತ್ತದೆ, ಒಂದು ರಾಕೆಟ್‌ನ ಚೌಕಟ್ಟಿನಲ್ಲಿ ಇನ್ನೊಂದರ ವೇಗ ಬೆಳಕಿನ ಶೇ 96’ ಎಂದು ತಿದ್ದಿ ಪ್ರಕಟಿಸಬೇಕೆಂದು ಕೋರುತ್ತೇನೆ.

ತಮ್ಮ ವಿಶ್ವಾಸಿ,
ಭೌತವಿಜ್ಞಾನದ ಒಬ್ಬ ನಿವೃತ್ತ ಅಧ್ಯಾಪಕ