ಚಾಂಗಿ ವಿಮಾನ ನಿಲ್ದಾಣದ ಆ ಅಮ್ಮನಿಗೆ

ನನ್ನ ಅಮ್ಮ, ಅಕ್ಕ ಇಬ್ಬರೂ ಮೆಲ್ಬರ್ನ್‌ನಲ್ಲಿದ್ದಾರೆ. ಅವರ ಹತ್ತಿರವೇ ಇರೋಣ ಅಂತ ಮೈಸೂರು ಬಿಟ್ಟು ಹೊರಟಿದ್ದೆವು. ಮನೆ ಹುಡುಕಲು ನಮ್ಮವರು ಮೊದಲೇ ಹೋಗಿದ್ದರು. ಹಾಗಾಗಿ ಸಿಂಗಪುರದಲ್ಲಿ ವಿಮಾನ ಬದಲಿಸುವಾಗ ನಾನು, ಎಳೆ ಕೂಸು, ಹೆಗಲ ತುಂಬಾ ಚೀಲ.

ಮಗಳು ಹಸಿದು ಕಿರುಚುತ್ತಿದ್ದಳು. ನನ್ನ ಹಾಲು ಸಾಲುತ್ತಿರಲಿಲ್ಲ. ಪುಡಿ ಹಾಲು ಕಲಸೋಣವೆಂದರೆ ಫ್ಲಾಸ್ಕಿನ ನೀರು ತಣ್ಣಗಾಗಿತ್ತು. ನೆಲ ಒರೆಸುತ್ತಿದ್ದ ನೀವು ಮಾಪನ್ನು ಗೋಡೆಗೆ ಒರಗಿಸಿ ಬಂದಿರಿ. ತಮಿಳಿನಲ್ಲೇ ಏನೋ ಹೇಳುತ್ತಾ ಮಕ್ಕಳ ಆರೈಕೆ ಕೋಣೆಗೆ ಕರೆದುಕೊಂಡು ಹೋದಿರಿ. ಅಲ್ಲಿ ಬಿಸಿನೀರಿತ್ತು, ಬಟ್ಟೆ ಬದಲಿಸಲು ಮೇಜಿತ್ತು.

ನಾನು ಬಾಟಲಿ ತೊಳೆಯುವಷ್ಟು ಹೊತ್ತು ಮಗುವನ್ನು ಎತ್ತಿಕೊಳ್ಳಲಾ ಎಂದು ಸನ್ನೆಯಲ್ಲೇ ಕೇಳಿದಿರಿ. ಕೈಗವಸು ಬಿಚ್ಚಿ, ಮೊಣಕೈವರೆಗೂ ಸೋಪು ಹಚ್ಚಿ ತೊಳೆದುಕೊಂಡ ಮೇಲೆಯೇ ಕೈ ಚಾಚಿದಿರಿ. ಕತ್ತಿಗೆ ಅಂಗೈ ಕೊಟ್ಟು ಹಿಡಿದಿದ್ದು ನೋಡಿಯೇ ನನ್ನ ಎದೆಬಡಿತ ಇಳಿಯಿತು.

ಚಾಂಗಿಯಲ್ಲಿ ಹೆಚ್ಚಿನ ಕಡೆ ತಪಾಸಣೆ ಗೇಟಿನ ಬಳಿಯೇ ನಡೆಯುತ್ತದೆ. ವಿಮಾನ ಏರುವಾಗ ಕುಡಿಸಲು ಕಲಸಿದ್ದ ಹಾಲನ್ನು ಚೆಲ್ಲಬೇಕೇನೋ ಅಂದುಕೊಂಡೆ. ನೀವು ತಡೆದಿರಿ. ವಿಮಾನದೊಳಗೆ ಒಯ್ಯುವ ದ್ರವಕ್ಕಿರುವ 100 ಮಿಲಿಲೀಟರ್ ಮಿತಿ ಮಗುವಿನ ಹಾಲಿಗಿಲ್ಲ, ಧೈರ್ಯವಾಗಿ ತೋರಿಸು ಅಂದಿರಿ. ತೋರಿಸಿದೆ, ಬಿಟ್ಟರು.

ಇಳಿಯುವಾಗ ಹಾಲೂಡಿಸು, ಕಿವಿ ನೋಯಲ್ಲ ಎಂದು ನಿಮ್ಮ ಕಿವಿ ಮುಟ್ಟಿ ತೋರಿಸಿದ್ದಿರಿ. ಹಾಗೇ ಮಾಡಿದೆ. ಅಕ್ಕಪಕ್ಕದ ಮಕ್ಕಳೆಲ್ಲ ಅಳುತ್ತಿದ್ದರೂ ನಮ್ಮ ಚಿನ್ನಿ ಕಣ್ಣು ಬಿಡಲಿಲ್ಲ. ಥ್ಯಾಂಕ್ಸ್ ಅಮ್ಮಾ.