ಹೆಸರು ಕೇಳಲಾಗದ ಫಿಸಿಯೋಥೆರಪಿಸ್ಟ್ ಮೇಡಂ ಅವರಿಗೆ
ಬೆನ್ನುಮೂಳೆಯ ಶಸ್ತ್ರಚಿಕಿತ್ಸೆಯ ನಂತರ ಕ್ಯಾತಿಟರ್ (ಮೂತ್ರ ಹೊರಹರಿಸಲು ಹಾಕುವ ನಳಿಕೆ) ತೆಗೆದರೂ ಮೂತ್ರದ ಮೇಲೆ ಹತೋಟಿ ಬಾರದೆ, ಮನೆಯವರಲ್ಲಿಯೂ ಹೇಳಿಕೊಳ್ಳಲಾಗದೆ ಕುಗ್ಗಿದ್ದ ನನಗೆ, ಹಾಸಿಗೆಯ ಸುತ್ತ ಪರದೆ ಎಳೆದು ಶ್ರೋಣಿತಳದ, ಅಂದರೆ ಮೂತ್ರಕೋಶವನ್ನು ಕೆಳಗಿನಿಂದ ಆಧರಿಸುವ ಸ್ನಾಯುಗಳ ವ್ಯಾಯಾಮ ಕಲಿಸಿದ ತಮಗೆ ಹೃತ್ಪೂರ್ವಕ ವಂದನೆಗಳು. ಮೂತ್ರಕೋಶವನ್ನು ನಿಯಂತ್ರಿಸುವ ನರಗಳು ಚೇತರಿಸಿಕೊಳ್ಳಲು ತಿಂಗಳುಗಳೇ ಬೇಕಾಗಬಹುದು ಎಂದು ತಾವು ವಿವರಿಸಿದ ಮೇಲೆಯೇ ನನ್ನ ಗಾಬರಿ ಇಳಿಯಿತು. ಅಪಾನವಾಯುವನ್ನು ತಡೆಯುವಾಗ ಬಿಗಿಯಾಗುವ ಸ್ನಾಯುಗಳನ್ನೇ 5 ಸೆಕೆಂಡು ಮೇಲಕ್ಕೆ ಸೆಳೆದು ಹಿಡಿದು, ಬಳಿಕ ಅಷ್ಟೇ ಹೊತ್ತು ಪೂರ್ತಿ ಸಡಿಲಿಸಬೇಕು, ಉಸಿರು ಕಟ್ಟಬಾರದು, ಹೊಟ್ಟೆ ತೊಡೆಗಳನ್ನು ಬಿಗಿಯಬಾರದು, ಮೂತ್ರ ವಿಸರ್ಜಿಸುವಾಗ ನಡುವೆ ತಡೆದು ಅಭ್ಯಾಸ ಮಾಡಬಾರದು ಎಂದಿರಿ. ಸಡಿಲಿಸುವುದೇ ನನಗೆ ಹೆಚ್ಚು ಕಷ್ಟವೆನಿಸಿತು. 1948ರಲ್ಲಿ ಅಮೆರಿಕದ ಸ್ತ್ರೀರೋಗ ತಜ್ಞ ಆರ್ನಾಲ್ಡ್ ಕೆಗೆಲ್ ಪ್ರಕಟಿಸಿದ ಈ ಕ್ರಮವು ಗಂಡಸರಿಗೂ ಸಲ್ಲುತ್ತದೆಂದು ತಾವು ಹೇಳದಿದ್ದರೆ ನಾನು ಸಂಕೋಚದಿಂದಲೇ ಬಿಟ್ಟುಬಿಡುತ್ತಿದ್ದೆ. ಈಗ ದೂರದ ಬಸ್ ಪ್ರಯಾಣವೂ ಸಾಧ್ಯವಾಗಿದೆ.