ಇದು ಯಾರ ಮನೆ ಅಪ್ಪಾ?

ರಾತ್ರಿ ಹನ್ನೊಂದೂವರೆ. ನಮ್ಮ ಕನ್ನಡ ಸಂಘದ ಪತ್ರಿಕೆ ನಾಳೆ ಬೆಳಿಗ್ಗೆ ನಿಮ್ಮ ಕೈ ಸೇರಬೇಕು, ಸಂಪಾದಕೀಯದ ಪುಟ ಇನ್ನೂ ಖಾಲಿ. ದೀಪಾವಳಿ ಬಗ್ಗೆ ಬರೆಯೋಣ ಅಂತ ಕೂತೆ. ಯಾಕೋ ಅನುಮಾನ ಬಂದು ಹಿಂದಿನ ಎರಡು ವರ್ಷದ ಸಂಪಾದಕೀಯ ತೆಗೆದು ನೋಡಿದೆ. ಎರಡರಲ್ಲೂ ಎಣ್ಣೆ ಸ್ನಾನ, ಎರಡರಲ್ಲೂ ಅಮ್ಮನ ಕಜ್ಜಾಯ. ಮೂರನೇ ಸಲವೂ ಅದೇ ಎಣ್ಣೆ ಹಚ್ಚಿದರೆ ಓದುವ ನೀವೇ ಜಾರಿ ಬೀಳುತ್ತೀರಿ. ಹಾಗಾಗಿ ಈ ಸಲ ಒಂದು ಪಬ್ಬಿನ ಬಗ್ಗೆ ಬರೆಯುತ್ತಿದ್ದೇನೆ. ಹಿರಿಯರು ಮುನಿಸಿಕೊಳ್ಳಬೇಡಿ, ಪೂರ್ತಿ ಓದಿ, ಆಮೇಲೆ ಬೈಯಿರಿ.

ಆದದ್ದಿಷ್ಟು. ಹೋದ ವಾರ ರಾಜ್ಯೋತ್ಸವದ ತಯಾರಿಗೆ ಸಮಿತಿ ಸಭೆ ಇತ್ತು. ಎಂದಿನ ಹಾಲ್ ಹತ್ತಿರ ಹೋದರೆ ಬೀಗ. ಕೀಲಿ ಕೊಡಬೇಕಾದವರು ಫೋನ್ ಎತ್ತುತ್ತಿಲ್ಲ. ಮಳೆ ಬೇರೆ, ಅದೂ ಇಂಗ್ಲೆಂಡಿನ ಈ ಕೆಂಟ್ ಕರಾವಳಿಯ ಅಡ್ಡಡ್ಡ ಹೊಡೆಯುವ ಮಳೆ, ಕೊಡೆ ಹಿಡಿದರೂ ಒಂದೇ, ಬಿಟ್ಟರೂ ಒಂದೇ. ನಾವು ಐದು ಜನ, ಜೊತೆಗೆ ನನ್ನ ಏಳು ವರ್ಷದ ಮಗಳು, ಕಾರ್ಯದರ್ಶಿ ಅಕ್ಕನ ಕೈಯಲ್ಲಿ ಒಂದು ಡಬ್ಬ ಕೋಡುಬಳೆ. ಆಗ ಖಜಾಂಚಿಗಳು ಅಂದರು, "ಬನ್ನಿ, ಎರಡು ಬೀದಿ ಆಚೆ ಒಂದು ಸಣ್ಣ ಜಾಗ ಇದೆ. ನಾನು ಆಗಾಗ ಹೋಗ್ತಿರ್ತೀನಿ."

ನಮ್ಮ ಖಜಾಂಚಿಗಳು ಗೊತ್ತಲ್ಲ, ಬೀರೂರಿನವರು. 31 ವರ್ಷದಿಂದ ಇಲ್ಲಿದ್ದಾರೆ. "ಬೀರೂರಿನವನು ಬೀರು ಬಿಟ್ಟರೆ ಊರಿನ ಮರ್ಯಾದೆ ಏನಾಗಬೇಕು" ಅನ್ನುವ ಜೋಕನ್ನು 31 ವರ್ಷದಿಂದಲೂ ಹೇಳುತ್ತಿದ್ದಾರೆ.

ಹೊರಗಿನಿಂದ ನೋಡಿದರೆ ಅದು ಪಬ್ ಅಂತ ಗೊತ್ತೇ ಆಗಲ್ಲ. ಹಿಂದೆ ಚಪ್ಪಲಿ ರಿಪೇರಿ ಅಂಗಡಿ ಆಗಿತ್ತಂತೆ. ಒಂದು ಗಾಜಿನ ಕಿಟಕಿ, ಒಂದು ಬಾಗಿಲು. ಒಳಗೆ ನಮ್ಮ ಮನೆ ಹಾಲಿನಷ್ಟು ಜಾಗ. ಗೋಡೆ ಸುತ್ತ ಬೆಂಚು, ಎತ್ತರದ ನಾಲ್ಕು ಮೇಜು, ಹದಿನೈದು ಜನ ಕೂತರೆ ಹೌಸ್‌ಫುಲ್. ಟೀವಿ ಇಲ್ಲ, ಹಾಡಿಲ್ಲ, ಜೂಜಿನ ಮಿಷನ್ ಇಲ್ಲ. ನಾವು ಒದ್ದೆ ಕೋಳಿಗಳ ಹಾಗೆ ಒಳಗೆ ಹೋದ ತಕ್ಷಣ ಕೂತಿದ್ದವರೆಲ್ಲ ತಿರುಗಿ ನೋಡಿದರು, ನೋಡಿ, ಸರಿದು ಜಾಗ ಮಾಡಿಕೊಟ್ಟರು. ಒಬ್ಬ ಅಜ್ಜಿ ತನ್ನ ನಾಯಿಯನ್ನು ಮೇಜಿನ ಕೆಳಗೆ ತಳ್ಳಿದಳು. ಮಗಳು ನನ್ನ ಕೋಟು ಎಳೆದು ಮೆಲ್ಲಗೆ ಕೇಳಿದಳು, "ಅಪ್ಪಾ, ಇದು ಯಾರ ಮನೆ?"

ಯಾರ ಮನೇನೂ ಅಲ್ಲ ಪುಟ್ಟ, ಅಂಗಡಿ ಅಂದೆ. ಅವಳಿಗೆ ನಂಬಿಕೆ ಬರಲಿಲ್ಲ. ನನಗೂ ಪೂರ್ತಿ ಬರಲಿಲ್ಲ ಅನ್ನಿ.

ಇದಕ್ಕೆ ಮೈಕ್ರೊಪಬ್ ಅನ್ನುತ್ತಾರೆ. ಶುರುವಾದದ್ದು ನಮ್ಮ ಕೆಂಟಿನಲ್ಲೇ. ಹರ್ನ್ ಅನ್ನುವ ಹಳ್ಳಿಯಲ್ಲಿ ಮಾರ್ಟಿನ್ ಹಿಲಿಯರ್ ಅನ್ನುವವರು 2005ರಲ್ಲಿ ಒಂದು ಹಳೇ ಕಸಾಯಿ ಅಂಗಡಿಯಲ್ಲಿ 'ಬುಚರ್ಸ್ ಆರ್ಮ್ಸ್' ತೆರೆದರು. ಅದೇ ವರ್ಷ ನವೆಂಬರಿನಲ್ಲಿ ಇಲ್ಲಿ ಮದ್ಯ ಮಾರುವ ಲೈಸೆನ್ಸಿನ ಕಾನೂನು ಬದಲಾಯಿತು. ಅಲ್ಲಿವರೆಗೆ ಮ್ಯಾಜಿಸ್ಟ್ರೇಟರ ಕೈಯಲ್ಲಿದ್ದದ್ದು ಕೌನ್ಸಿಲ್ಲಿಗೆ ಬಂತು, ಸಣ್ಣವರಿಗೂ ಬಾಗಿಲು ತೆರೆಯಿತು. ಆಮೇಲೆ ಅವರನ್ನು ನೋಡಿ ಕಲಿತವರು ಹಾರ್ಟಲ್‌ಪೂಲ್‌ನಲ್ಲಿ ರೈಲ್ವೆ ಸ್ಟೇಷನ್ನಿನೊಳಗೇ ಒಂದು ತೆರೆದರು. 2012ರ ಹೊತ್ತಿಗೆ ಇವರದ್ದೇ ಒಂದು ಸಂಘ ಕೂಡ ಆಯಿತು. (ಸಂಘ ಮಾಡಿದ ಮೇಲೆ ಅವರಿಗೂ ಖಜಾಂಚಿ ಸಿಕ್ಕಿರಬೇಕು. ನಮಗೆ ಹೊಸಬರು ಇನ್ನೂ ಸಿಕ್ಕಿಲ್ಲ. ಅದನ್ನು ಆಮೇಲೆ ಹೇಳುತ್ತೇನೆ.)

ಇಲ್ಲಿ ಸಿಗುವುದು ರಿಯಲ್ ಏಲ್, ಅಂದರೆ ಹಳೇ ಪದ್ಧತಿಯ ಇಂಗ್ಲಿಷ್ ಬೀರು. ಮಾಮೂಲಿ ಬೀರಿನ ಹಾಗೆ ಗ್ಯಾಸ್ ತುಂಬಿ ನೊರೆ ಉಕ್ಕಿಸುವುದಲ್ಲ. ಪೀಪಾಯಿಯೊಳಗೇ ಅದು ಎರಡನೇ ಸಲ ಹುದುಗು ಬರುತ್ತದೆ, ಅಲ್ಲಿಂದ ನೇರ ಗ್ಲಾಸಿಗೆ. ಕೌಂಟರ್ ಹಿಂದೆ ಒಂದು ತಣ್ಣನೆಯ ಪುಟ್ಟ ಕೋಣೆ. ಮಾಲೀಕ ನಮ್ಮನ್ನು ಕರೆದು ತೋರಿಸಿದ. ಪೀಪಾಯಿಗಳು ಮಲಗಿದ ಎಮ್ಮೆಗಳ ಹಾಗೆ ಸಾಲಾಗಿ. ಪ್ರತಿಯೊಂದರ ಹೊಟ್ಟೆ ಮೇಲೆ ಒಂದು ಪುಟ್ಟ ಬೆಣೆ. ಮೊದಲು ಮೆತ್ತನೆ ಬೆಣೆ, ಅದರ ಸಂದಿನಿಂದ ಗಾಳಿ ಹೊರಗೆ ಹೋಗಬೇಕು. ಗಷ್ಟು ತಳ ಸೇರಿ ತಿಳಿಯಾದ ಮೇಲೆ ಗಟ್ಟಿ ಬೆಣೆ. ಒಂದು ಪೀಪಾಯಿಯಲ್ಲಿ ಒಂಬತ್ತು ಗ್ಯಾಲನ್, ಅಂದರೆ 72 ಪಿಂಟ್. ನಲ್ಲಿ ಹೊಡೆದ ಮೇಲೆ ಮೂರು ನಾಲ್ಕು ದಿನದಲ್ಲಿ ಖಾಲಿ ಮಾಡಬೇಕು, ಇಲ್ಲದಿದ್ದರೆ ಹುಳಿ. ಕೋಣೆ ಸುಮಾರು 12 ಡಿಗ್ರಿಯಲ್ಲೇ ಇರಬೇಕು.

ಇಲ್ಲಿ ನಮ್ಮ ಕಾರ್ಯದರ್ಶಿ ಅಕ್ಕ ಬಾಯಿ ಹಾಕಿದರು. ಅವರು ಕುಡಿಯುವುದು ಆಪಲ್ ಜ್ಯೂಸ್ ಮಾತ್ರ, ಆದರೆ ಹುದುಗಿನ ವಿಷಯ ಬಂದರೆ ಸುಮ್ಮನಿರುವವರಲ್ಲ. "ನಂದೂ ಇದೇ ಕಥೆ" ಅಂತ ಆ ಮಾಲೀಕನಿಗೆ ದೋಸೆ ಹಿಟ್ಟಿನ ಪಾಠ ಶುರು ಮಾಡಿದರು. ಅವನಿಗೆ 12 ಡಿಗ್ರಿ ದಾಟಿದರೆ ಕಷ್ಟ, ಅಕ್ಕನಿಗೆ 25ರ ಕೆಳಗೆ ಇಳಿದರೆ ಕಷ್ಟ. ಅಕ್ಟೋಬರ್ ಬಂದರೆ ಹಿಟ್ಟಿನ ಪಾತ್ರೆಗೆ ಟವೆಲ್ ಸುತ್ತಿ, ಓವನ್ನಿನ ಒಳಗಿಟ್ಟು, ಬರೀ ಲೈಟ್ ಹಾಕಿ ಮಲಗುತ್ತಾರಂತೆ. ರಾತ್ರಿ ಎದ್ದು ಮುಚ್ಚಳ ತೆಗೆದು ಮೂಸುತ್ತಾರಂತೆ. "ನಾನೂ ಮೂಸ್ತೀನಿ" ಅಂದ ಅವನು. ಹತ್ತು ನಿಮಿಷ ಇಬ್ಬರೂ ಆ ಥಂಡಿ ಕೋಣೆಯಲ್ಲಿ ನಿಂತು ಮಾತಾಡಿದರು. ಹೊರಗೆ ಗಿರಾಕಿಗಳು ಕಾಯುತ್ತಿದ್ದರು. ಒಬ್ಬರೂ ಗೊಣಗಲಿಲ್ಲ.

ಖಜಾಂಚಿಗಳಿಗೆ ಮಾತ್ರ ಆ ದಿನ ಒಂದು ಪೆಟ್ಟು ಬಿತ್ತು. ಅವರು ಹುಟ್ಟಾ ಸಸ್ಯಾಹಾರಿ. ಏಲ್ ಬೇಗ ತಿಳಿಯಾಗಲಿ ಅಂತ ಬಹಳ ಕಡೆ ಐಸಿಂಗ್ಲಾಸ್ ಹಾಕುತ್ತಾರೆ, ಅದು ಮೀನಿನ ಗಾಳಿಚೀಲದಿಂದ ಮಾಡಿದ್ದು ಅಂತ ಮಾಲೀಕ ಮಾತಿನ ಮಧ್ಯೆ ಹೇಳಿಬಿಟ್ಟ. ನಮ್ಮವರು ಕೈಯಲ್ಲಿದ್ದ ಗ್ಲಾಸನ್ನು ಬೆಳಕಿಗೆ ಹಿಡಿದು ನೋಡಿದರು. 31 ವರ್ಷದ ಲೆಕ್ಕ ಕಣ್ಣ ಮುಂದೆ ಬಂದಿರಬೇಕು, ಖಜಾಂಚಿ ಅಲ್ವಾ. ಆಮೇಲೆ ಮಾಲೀಕನೇ ಅದು ಹಾಕದ ಇನ್ನೊಂದು ಪೀಪಾಯಿಯಿಂದ ಅರ್ಧ ಪಿಂಟ್ ತಂದುಕೊಟ್ಟ. ಕದಡಿದ ಮಜ್ಜಿಗೆ ನೀರಿನ ಹಾಗಿತ್ತು. "ಗೊತ್ತಿಲ್ಲದೆ ಮಾಡಿದ್ದಕ್ಕೆ ಪಾಪ ಇಲ್ಲ" ಅಂತ ತಾವೇ ತೀರ್ಪು ಕೊಟ್ಟುಕೊಂಡು ಅದನ್ನು ಕುಡಿದರು.

ಗೋಡೆ ಮೇಲೆ ಒಂದು ಸ್ಲೇಟು. ಅದರ ಮೇಲೆ ಸೀಮೆಸುಣ್ಣದಲ್ಲಿ ಆ ದಿನದ ಏಲ್‌ಗಳ ಹೆಸರು, ಬೆಲೆ. ನಾವು ಕೂತಿದ್ದಾಗಲೇ ಒಂದು ಪೀಪಾಯಿ ಖಾಲಿಯಾಯಿತು. ಮಾಲೀಕ ಬಂದು ಹೆಬ್ಬೆರಳಲ್ಲಿ ಆ ಹೆಸರು ಒರೆಸಿ, ಬೆರಳನ್ನು ಏಪ್ರನ್ನಿಗೆ ತಿಕ್ಕಿಕೊಂಡ. ನನಗೆ ಅಲ್ಲಿಂದ ಮುಂದೆ ಸಭೆಯಲ್ಲಿ ಏನು ಮಾತಾಡಿದರು ಅಂತ ಸರಿಯಾಗಿ ಕೇಳಿಸಿಲ್ಲ.

ನಮ್ಮೂರು ತರೀಕೆರೆ. ಬೆಂಗಳೂರಿಂದ ಬಂದರೆ ಬೀರೂರಲ್ಲಿ ಇಳಿದು ಶಿವಮೊಗ್ಗದ ರೈಲು ಹಿಡಿಯಬೇಕಿತ್ತು. ನನಗಾಗ ಎಂಟೋ ಒಂಬತ್ತೋ ವರ್ಷ. ಅಪ್ಪನ ಜೊತೆ ಬಂದಿದ್ದೆ. ರೈಲಿಗೆ ಒಂದು ಗಂಟೆ ಇತ್ತು, ಕಾಫಿ ಕುಡಿಯೋಣ ಬಾ ಅಂತ ಸ್ಟೇಷನ್ ಹೊರಗಿನ ಒಂದು ಹೋಟ್ಲಿಗೆ ಕರೆದುಕೊಂಡು ಹೋದರು. ಹೋಟ್ಲು ಅಂದರೆ ನಾಲ್ಕು ಬೆಂಚು, ಒಂದು ಗಲ್ಲಾಪೆಟ್ಟಿಗೆ, ಗೋಡೆಗೆ ಒಂದು ಸ್ಲೇಟು. ಉಪ್ಪಿಟ್ಟು, ಇಡ್ಲಿ, ಮಸಾಲೆ ವಡೆ. ಉಪ್ಪಿಟ್ಟು ಮುಗಿದ ತಕ್ಷಣ ಗಲ್ಲಾದಲ್ಲಿದ್ದ ಅಜ್ಜ ಎದ್ದು ಬಂದು ಹೆಬ್ಬೆರಳಲ್ಲಿ ಒರೆಸಿ, ಬೆರಳನ್ನು ಪಂಚೆಗೆ ತಿಕ್ಕಿಕೊಂಡರು. ಅಜ್ಜನ ತಲೆ ಮೇಲಿನ ಗೂಡಿನಲ್ಲಿ ಒಂದು ರೇಡಿಯೋ ಇತ್ತು, ಮೇಲೆ ಟವೆಲ್ ಹೊದಿಸಿತ್ತು. ಹಾಕಿ ತಾತ, ಹಾಡು ಕೇಳೋಣ ಅಂದೆ. "ರೇಡಿಯೋ ಹಾಕಿದ್ರೆ ಜನ ಮಾತಾಡಲ್ಲ ಮಗ. ಮಾತಾಡದಿದ್ರೆ ಎರಡನೇ ಕಾಫಿ ಕುಡಿಯಲ್ಲ" ಅಂದರು. ಎದುರು ಬೆಂಚಿನಲ್ಲಿ ಅಡಿಕೆ ವ್ಯಾಪಾರದವರೊಬ್ಬರು ಕೂತಿದ್ದರು. ಅಪ್ಪ ಸುಮ್ನೆ ಈ ಸಲ ರೇಟು ಹೇಗಿದೆ ಅಂತ ಕೇಳಿದರು, ಅಷ್ಟೇ. ಅಡಿಕೆಯಿಂದ ಭದ್ರಾ ನಾಲೆಗೆ, ನಾಲೆಯಿಂದ ಯಾರದ್ದೋ ಜಮೀನಿನ ಕೇಸಿಗೆ, ಕೇಸಿಂದ ಅವರಿಬ್ಬರಿಗೂ ದೂರದ ನೆಂಟರಾಗುವ ಒಬ್ಬ ಮಾಸ್ತರಿಗೆ ಮಾತು ಹೋಯಿತು. ಬೈಟೂ ಕಾಫಿ ಮೂರು ಸಲ ಬಂತು. ಆ ವ್ಯಾಪಾರಿ ತಮ್ಮ ವಡೆ ಮುರಿದು ದೊಡ್ಡ ಚೂರನ್ನು ನನಗೆ ಕೊಟ್ಟರು, ಕರಿಬೇವು ಅಂಟಿಕೊಂಡಿದ್ದ ಚೂರು. ರೈಲು ಕೂಗಿದ್ದು ನನಗೆ ಕೇಳಿಸಿತು. ಅಪ್ಪನಿಗೂ ಕೇಳಿಸಿತು ಅಂತಲೇ ನನಗೆ ಇವತ್ತಿಗೂ ಅನುಮಾನ. ಎದ್ದು ಹೋಗುವಷ್ಟರಲ್ಲಿ ರೈಲಿನ ಬೆನ್ನು ಕಾಣಿಸಿತು. ಮುಂದಿನದು ರಾತ್ರಿಗೆ. ವಾಪಸ್ ಬಂದಾಗ ಅಜ್ಜ ಏನೂ ಕೇಳಲಿಲ್ಲ, ಒಂದು ಬೆಂಚು ಖಾಲಿ ಮಾಡಿಸಿ ಕೊಟ್ಟರು. ಅಪ್ಪನ ತೊಡೆ ಮೇಲೆ ತಲೆಯಿಟ್ಟು ಮಲಗಿದೆ. ಮಾತು ನಡೆದೇ ಇತ್ತು. ಮನೆಗೆ ಹೋದ ಮೇಲೆ ಅಪ್ಪ ಅಮ್ಮನಿಗೆ ಹೇಳಿದ್ದು, "ರೈಲು ಲೇಟು." ನನಗೆ ಎರಡು ಪೆಪ್ಪರ್‌ಮೆಂಟ್ ಮೊದಲೇ ಸಿಕ್ಕಿತ್ತು, ಹಾಗಾಗಿ ನಾನೂ ಲೇಟು ಅಂದೆ.

ಈ ಕಥೆಯನ್ನು ಖಜಾಂಚಿಗಳಿಗೆ ಹೇಳಿದೆ. ಅವರು ಗ್ಲಾಸು ಕೆಳಗಿಟ್ಟು, "ಬಾಗಿಲ ಪಕ್ಕದಲ್ಲಿ ನೀರಿನ ತೊಟ್ಟಿ ಇತ್ತಲ್ವಾ?" ಅಂದರು. ಇತ್ತು. ನಾನು ಅದನ್ನು ಮರೆತೇಬಿಟ್ಟಿದ್ದೆ.

ಅವರು ಜನವರಿಯಲ್ಲಿ ಬೀರೂರಿಗೆ ವಾಪಸ್ ಹೋಗುತ್ತಿದ್ದಾರೆ. ಈ ಸಲ ರಜೆಗಲ್ಲ. ಮನೆ ಮಾರಿದ್ದಾಗಿದೆ. ನಾವು ಅವರಿಗೆ ದೊಡ್ಡ ಹಾಲಿನಲ್ಲಿ ಶಾಲು, ಹಾರ, ಭಾಷಣ ಅಂತ ಯೋಚಿಸಿದ್ದೆವು. ಅವರೇ ಬೇಡ ಅಂದರು. "ಹಾಲಿನಲ್ಲಿ ಮೈಕ್ ಇರುತ್ತೆ. ಮೈಕ್ ಇದ್ರೆ ಒಬ್ಬ ಮಾತಾಡ್ತಾನೆ, ಉಳಿದವರು ಊಟಕ್ಕೆ ಕಾಯ್ತಾರೆ. ಇಲ್ಲೇ ಬನ್ನಿ ಸಾಕು." ನಿಜ ಹೇಳಬೇಕೆಂದರೆ ನನಗೆ ಸ್ವಲ್ಪ ಚುಚ್ಚಿತು, ಕಳೆದ ಆರು ವರ್ಷದಿಂದ ಮೈಕ್ ಬಾಡಿಗೆಗೆ ತರುವವನು ನಾನೇ. ಆದರೆ ಯೋಚಿಸಿ ನೋಡಿ. ಯುಗಾದಿಗೆ ಇನ್ನೂರು ಜನ ಸೇರುತ್ತೇವೆ, "ಆರಾಮಾ?" "ಆರಾಮು" ಆಗುವಷ್ಟರಲ್ಲಿ ಪಾರ್ಕಿಂಗ್ ಟೈಮ್ ಮುಗಿದಿರುತ್ತದೆ. ನಮ್ಮಲ್ಲಿ ಎಷ್ಟು ಜನ ಬೀರೂರು ಜಂಕ್ಷನ್ನಿನಲ್ಲಿ ರೈಲು ತಪ್ಪಿಸಿಕೊಂಡಿದ್ದಾರೋ ಯಾರಿಗೆ ಗೊತ್ತು.

ಕುಡಿಯದವರಿಗೆ ಅಲ್ಲೇನು ಕೆಲಸ ಅಂತ ಕೇಳುತ್ತೀರಿ. ಜ್ಯೂಸ್ ಇದೆ, ಚಹಾ ಇದೆ, ಒಂದು ಗ್ಲಾಸ್ ಹಿಡಿದು ಎರಡು ಗಂಟೆ ಕೂತರೂ ಯಾರೂ ಎಬ್ಬಿಸಲ್ಲ. ಸಾರಾಯಿಯಿಂದ ಊರಲ್ಲಿ ಎಷ್ಟು ಮನೆ ಹಾಳಾಯಿತು ಅಂತ ನಮಗೂ ಗೊತ್ತು. 2007ರ ಜುಲೈ 1ಕ್ಕೆ ಕರ್ನಾಟಕದಲ್ಲಿ ಸಾರಾಯಿ ನಿಂತಿತು. ಅದೇ ದಿನ ಇಂಗ್ಲೆಂಡಿನ ಪಬ್ಬುಗಳೊಳಗೆ ಸಿಗರೇಟು ನಿಂತಿತು. ಹಾಗಾಗಿ ಮಗಳನ್ನು ಕರೆದುಕೊಂಡು ಹೋಗಿ ಕೂರುವ ಹಾಗಾಗಿದೆ ಅನ್ನುವುದು ನನ್ನ ವಾದ. ಒಪ್ಪದವರು ಪತ್ರ ಬರೆಯಿರಿ, ಮುಂದಿನ ಸಂಚಿಕೆಗೆ ಪುಟ ತುಂಬುತ್ತದೆ.

ಅಯ್ಯೋ, ಪ್ರಕಟಣೆಗಳು. ರಾಜ್ಯೋತ್ಸವ ನವೆಂಬರ್ ಎರಡನೇ ಶನಿವಾರ ಮಧ್ಯಾಹ್ನ ಎರಡಕ್ಕೆ, ಹಾಲ್ ಬದಲಾಗಿದೆ, ವಿಳಾಸ ಹಿಂದಿನ ಪುಟದಲ್ಲಿದೆ, ಹಳೇ ಹಾಲಿಗೆ ಹೋಗಿ ನನಗೆ ಫೋನ್ ಮಾಡಬೇಡಿ. ಮಕ್ಕಳ ಛದ್ಮವೇಷಕ್ಕೆ ಈಗಾಗಲೇ ನಾಲ್ಕು ಜನ ಕಿತ್ತೂರು ಚೆನ್ನಮ್ಮ ಆಗಿದ್ದಾರೆ, ಯಾರಾದರೂ ಒಬ್ಬರು ಅಕ್ಕಮಹಾದೇವಿ ಆಗಿ. ಭಾನುವಾರದ ಕನ್ನಡ ಕ್ಲಾಸ್ ಚಳಿಗಾಲಕ್ಕೆ ಗಡಿಯಾರ ಒಂದು ಗಂಟೆ ಹಿಂದೆ ಹಾಕಿದ ವಾರದಿಂದ ಹತ್ತೂವರೆಗೆ. ಊಟಕ್ಕೆ ಬಿಸಿಬೇಳೆಬಾತ್, ಮೊಸರನ್ನ, ತಟ್ಟೆ ಲೋಟ ಮನೆಯಿಂದಲೇ ತನ್ನಿ. ಕುರ್ಚಿ ಜೋಡಿಸಲು ನಾಲ್ಕು ಜನ ಬೇಕು, ಎತ್ತಿಡಲು ಎಂಟು ಜನ ಬೇಕು, ಯಾಕೆ ಅಂತ ಕಳೆದ ವರ್ಷ ನಾನು ಮತ್ತು ಕಾರ್ಯದರ್ಶಿ ಅಕ್ಕ ಇಬ್ಬರೇ ಉಳಿದಾಗ ಗೊತ್ತಾಯಿತು. ವರ್ಷದ ಚಂದಾ ಬಾಕಿ ಇರುವವರು ಖಜಾಂಚಿಗಳು ವಿಮಾನ ಹತ್ತುವ ಮೊದಲು ಕೊಟ್ಟರೆ ಅವರಿಗೂ ನಿದ್ದೆ ಬರುತ್ತದೆ.

ಇನ್ನೊಂದು ಮಾತು. 1971ರಲ್ಲಿ ಐರ್ಲೆಂಡಿಗೆ ರಜೆಗೆ ಹೋಗಿದ್ದ ನಾಲ್ಕು ಜನ ಗೆಳೆಯರು, ಒಳ್ಳೆ ಬೀರೇ ಸಿಗ್ತಿಲ್ಲ ಅಂತ ಗೊಣಗುತ್ತಾ ಒಂದು ಸಂಘ ಕಟ್ಟಿದರಂತೆ. ಅದೇ ಇವತ್ತಿನ ಕ್ಯಾಮ್ರಾ, ಅಂದರೆ 'ಕ್ಯಾಂಪೇನ್ ಫಾರ್ ರಿಯಲ್ ಏಲ್'. ರಿಯಲ್ ಏಲ್ ಉಳಿಯಲು ಅವರೇ ಕಾರಣ ಅಂತ ಮಾಲೀಕ ಹೇಳಿದ. ನಾಲ್ಕೇ ಜನ. ನಮ್ಮ ಸಮಿತಿಯಲ್ಲಿ ಐದು ಜನ ಇದ್ದೇವೆ, ಜನವರಿಗೆ ನಾಲ್ಕು. ಲೆಕ್ಕದ ಪುಸ್ತಕ ನೋಡಿಕೊಳ್ಳಲು ಒಬ್ಬರು ಬೇಕು. ಪತ್ರಿಕೆಗೆ ಟೈಪ್ ಮಾಡಲು ಒಬ್ಬರು ಸಿಕ್ಕರೆ ನಾನು ರಾತ್ರಿ ಹನ್ನೊಂದೂವರೆಗೆ ಮಲಗಬಹುದು. ಈಗ ಒಂದು ಗಂಟೆ ಹತ್ತು ನಿಮಿಷ.

ಹಾಂ, ಕೋಡುಬಳೆ ಡಬ್ಬ. ಮಾಲೀಕ ಒಂದು ತಿಂದು, ಇನ್ನೊಂದು ತಿಂದು, ಕೊನೆಗೆ ಡಬ್ಬವನ್ನು ಕೌಂಟರ್ ಮೇಲೆ ತನ್ನ ಹತ್ತಿರವೇ ಎಳೆದುಕೊಂಡ. ಆ ಕಹಿ ಏಲ್‌ಗೆ ಅದರ ಖಾರ ಚೆನ್ನಾಗಿ ಹೊಂದುತ್ತದಂತೆ. ಅಕ್ಕ ಡಬ್ಬ ಅಲ್ಲೇ ಬಿಟ್ಟು ಬಂದಿದ್ದಾರೆ. ಬರುವಾಗ, ನಮ್ಮಲ್ಲಿ ಡಬ್ಬ ಖಾಲಿ ವಾಪಸ್ ಕೊಡುವ ಪದ್ಧತಿ ಇಲ್ಲ ಅಂತಲೂ ಅವನಿಗೆ ಹೇಳಿದ್ದಾರೆ. ಶುಕ್ರವಾರ ಸಂಜೆ ಏಳಕ್ಕೆ ತರಲು ಹೋಗುತ್ತಿದ್ದೇವೆ, ಬರುವವರು ಬನ್ನಿ. ಅವನು ಅದರಲ್ಲಿ ಏನು ತುಂಬಿಸಿಟ್ಟಿರುತ್ತಾನೋ ಗೊತ್ತಿಲ್ಲ. ಕೌಂಟರ್ ಹಿಂದೆ ನೇತುಹಾಕಿದ್ದ ಹಂದಿ ಚರ್ಮದ ಕುರುಕಲು ಮಾತ್ರ ಆಗದಿರಲಿ ಅಂತ ಖಜಾಂಚಿಗಳು ಈಗಲೇ ಹರಕೆ ಹೊತ್ತಿದ್ದಾರೆ.